ಬೀಸುವ ಕಲ್ಲಿನ ಗೂಟವೇ ಅಲಿಫ್

ಬೀಸುವ ಕಲ್ಲಿನ ಗೂಟ ನೆಟ್ಟಗೆ ನಿಂತಿರುತ್ತದೆ. ಅರಬ್ಬೀ ವರ್ಣಮಾಲೆಯ ಮೊದಲ ಅಕ್ಷರವಾದ ಅಲಿಫ್ ಕೂಡ ಹಾಗೆಯೇ, ಒಂದು ನೆಟ್ಟನೆಯ ಗೆರೆ. ‘ಅಲ್ಲಾಹ್’ ಎಂಬ ಹೆಸರು ಆರಂಭವಾಗುವುದೂ ಆ ಅಕ್ಷರದಿಂದಲೇ. ಈ ಎರಡನ್ನೂ ಒಂದೆಡೆ ತಂದು, ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಕೈಯಲ್ಲಿ ಹಿಡಿಯುವ ಗೂಟವನ್ನೇ ದೇವರ ಗುರುತಾಗಿ ಕಾಣುವಂತೆ ಹಾಡು ಕಟ್ಟಿದವರು ಬಿಜಾಪುರದ ಸೂಫಿಗಳು. ಆ ಹಾಡುಗಳಿಗೆ ‘ಚಕ್ಕೀ ನಾಮಾ’ ಎಂದು ಹೆಸರು. ಚಕ್ಕೀ ಎಂದರೆ ಬೀಸುವ ಕಲ್ಲು. ಉತ್ತರ ಕರ್ನಾಟಕದ ಸಾಮಾನ್ಯ ಮುಸ್ಲಿಂ ಮನೆತನಗಳು ತಮ್ಮ ಧರ್ಮದ ಮೂಲಪಾಠಗಳನ್ನು ಹೇಗೆ ಕಲಿತವು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಮದರಸಾದ ಬಾಗಿಲಿಗೆ ಹೋಗುವ ಮೊದಲು ಈ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಕೂಡಬೇಕಾಗುತ್ತದೆ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡ ಈ ಕಥೆಯ ನಡುವೆಯೇ ಇರುವ ಸೀಮೆ. ಅಥಣಿಯಿಂದ ಬಿಜಾಪುರಕ್ಕೆ (ಇಂದಿನ ವಿಜಯಪುರ) ಸುಮಾರು 70 ಕಿಲೋಮೀಟರು. 1639ರಲ್ಲಿ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ, ಬಿಜಾಪುರ ಮತ್ತು ಗೋವೆಯ ನಡುವಿನ ದೊಡ್ಡ ಪೇಟೆಗಳಲ್ಲಿ ಅಥಣಿಯನ್ನು ಹೆಸರಿಸುತ್ತಾನೆ. ಆ ದಾರಿಯಲ್ಲಿ ಅರಿವೆ, ಕಾಳು, ಕುದುರೆಗಳ ಜೊತೆಗೆ ಫಕೀರರೂ ನಡೆದರು. ಸೂಫಿಗಳ ಹೆಜ್ಜೆ ಈ ಸೀಮೆಗೆ ಬಿದ್ದದ್ದು ಆದಿಲ್‌ಶಾಹಿಗಿಂತಲೂ ಹಿಂದೆ. ಬಹಮನಿ ರಾಜ್ಯದ ಮೊದಲ ಸುಲ್ತಾನರು ಗುರುವೆಂದು ಗೌರವಿಸಿದ ಶೇಖ್ ಸಿರಾಜುದ್ದೀನ್ ಜುನೈದಿ, ಗುಲ್ಬರ್ಗಕ್ಕೆ ಹೋಗುವ ಮುನ್ನ ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ನೆಲೆಸಿದ್ದರೆಂದು ಪರಂಪರೆ ಹೇಳುತ್ತದೆ. ಕಲಬುರಗಿಯ ಶೇಖ್ ರೋಜಾ ಅವರ ಸಮಾಧಿ. ಕುಡಚಿಯಲ್ಲಿ ಇಂದು ಹೆಚ್ಚು ಜನ ಸೇರುವುದು ಮಾಸಾಹೇಬಾ ಅವರ ದರ್ಗಾದಲ್ಲಿ. ಅದು ಒಬ್ಬ ಹೆಣ್ಣುಮಗಳ ಸಮಾಧಿ ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿನಲ್ಲಿಟ್ಟುಕೊಳ್ಳಬಹುದು.

ಮೂರು ಪ್ರಶ್ನೆಗಳು

ಇಸ್ಲಾಮಿನ ಮೂಲಪಾಠ ಎಂದರೆ ಯಾವುದು? ಇದಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಒಂದು ಪ್ರಸಂಗವನ್ನು ಹೇಳುತ್ತಾರೆ. ‘ಸಹೀಹ್ ಮುಸ್ಲಿಮ್’ ಎಂಬ ಹದೀಸ್ ಸಂಗ್ರಹದಲ್ಲಿ, ವಿಶ್ವಾಸದ ಅಧ್ಯಾಯದ ಆರಂಭದಲ್ಲೇ ಅದು ಬರುತ್ತದೆ. ಪೈಗಂಬರ ಮುಹಮ್ಮದರು ತಮ್ಮ ಸಂಗಾತಿಗಳೊಡನೆ ಕುಳಿತಿದ್ದಾಗ ಅಪರಿಚಿತನೊಬ್ಬ ಬರುತ್ತಾನೆ. ಅಚ್ಚ ಬಿಳಿಯ ಬಟ್ಟೆ, ಕಡು ಕಪ್ಪು ಕೂದಲು. ಊರಿನವನಲ್ಲ, ಆದರೆ ಪ್ರಯಾಣದ ಧೂಳೂ ಮೈಮೇಲಿಲ್ಲ. ಅವನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಇಸ್ಲಾಂ ಎಂದರೇನು, ಈಮಾನ್ ಎಂದರೇನು, ಇಹ್ಸಾನ್ ಎಂದರೇನು ಎಂದು ಕೇಳುತ್ತಾನೆ. ಉತ್ತರ ಬಂದಾಗಲೆಲ್ಲ ‘ಸರಿ’ ಎನ್ನುತ್ತಾನೆ. ಕೇಳುವವನೇ ಸರಿ ಎನ್ನುವುದನ್ನು ಕಂಡು ಸುತ್ತಲಿನವರಿಗೆ ಆಶ್ಚರ್ಯ. ಆತ ಹೋದ ಮೇಲೆ, ಬಂದಿದ್ದವನು ದೇವದೂತ ಜಿಬ್ರೀಲ್, ನಿಮಗೆ ನಿಮ್ಮ ಧರ್ಮ ಕಲಿಸಲು ಬಂದಿದ್ದ ಎಂದು ಪೈಗಂಬರರು ತಿಳಿಸುತ್ತಾರೆ.

ಈ ಮೂರು ಉತ್ತರಗಳ ಮೇಲೆಯೇ ಮುಂದೆ ಶಾಸ್ತ್ರದ ಮೂರು ಶಾಖೆಗಳು ಬೆಳೆದವು. ಇಸ್ಲಾಂ ಎಂದರೆ ಆಚರಣೆ: ಸಾಕ್ಷ್ಯವಚನ, ನಮಾಜು, ಜಕಾತ್, ರೋಜಾ, ಹಜ್. ಈಮಾನ್ ಎಂದರೆ ವಿಶ್ವಾಸ: ದೇವರು, ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ. ಮೂರನೆಯದಾದ ಇಹ್ಸಾನ್ ಸ್ವಲ್ಪ ಸೂಕ್ಷ್ಮವಾದದ್ದು. ದೇವರು ಕಣ್ಣಿಗೆ ಕಾಣುತ್ತಿದ್ದಾನೆ ಎಂಬಂತೆ, ನಮಗೆ ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ ಎಂಬ ಎಚ್ಚರದಲ್ಲಿ ಆರಾಧಿಸುವುದು ಅದರ ತಿರುಳು. ಮೊದಲೆರಡನ್ನು ಪುಸ್ತಕದಿಂದ ಕಲಿಯಬಹುದು, ಪರೀಕ್ಷೆ ಮಾಡಿ ಅಂಕವನ್ನೂ ಕೊಡಬಹುದು. ಮೂರನೆಯದನ್ನು ಕಲಿಸುವುದು ಹೇಗೆ? ಸೂಫಿಗಳು ತಮ್ಮದೆಂದು ಹಿಡಿದುಕೊಂಡದ್ದು ಈ ಮೂರನೆಯ ಪ್ರಶ್ನೆಯನ್ನು.

ಓದುವವರಿಗೆ ಬಿರಿಯಾನಿ, ಬೀಸುವವರಿಗೆ ಹಾಡು

ದಖ್ಖನಿನಲ್ಲಿ ಶಾಸ್ತ್ರ ಕಲಿಸುವ ದೊಡ್ಡ ಸಂಸ್ಥೆಗಳಿಗೆ ಕೊರತೆಯಿರಲಿಲ್ಲ. ಬೀದರಿನಲ್ಲಿ ಮಹಮೂದ ಗವಾನ 1472ರಲ್ಲಿ ಕಟ್ಟಿಸಿದ ಮದರಸಾದ ಅವಶೇಷ ಇಂದಿಗೂ ನಿಂತಿದೆ. ಬಿಜಾಪುರದ ಆಸಾರ್ ಮಹಲಿನ ಮದರಸಾಗಳ ವಿದ್ಯಾರ್ಥಿಗಳಿಗೆ ಸರಕಾರದಿಂದ ಬೆಳಿಗ್ಗೆ ಬಿರಿಯಾನಿ, ಸಂಜೆ ಗೋಧಿ ರೊಟ್ಟಿ ಮತ್ತು ಖಿಚಡಿ, ಮೇಲೆ ತಿಂಗಳಿಗೊಂದು ಹೊನ್ನು ಸಿಗುತ್ತಿತ್ತೆಂದು 19ನೆಯ ಶತಮಾನದ ‘ಬಸಾತೀನ್ ಉಸ್ ಸಲಾತೀನ್’ ಎಂಬ ಪಾರಸಿ ಇತಿಹಾಸ ಗ್ರಂಥ ವರ್ಣಿಸುತ್ತದೆ. ಇಂದಿನ ವಿದ್ಯಾರ್ಥಿನಿಲಯಗಳ ಹುಡುಗರು ಓದಿದರೆ ಹೊಟ್ಟೆಕಿಚ್ಚುಪಡುವಂಥ ಏರ್ಪಾಡು. ಆದರೆ ಅಲ್ಲಿ ಕಲಿತದ್ದು ಅರಬ್ಬೀ, ಪಾರಸಿ ಬಲ್ಲ ಕೆಲವೇ ಗಂಡಸರು. ಪಿಂಜಾರರ ಮನೆಯ ಸೊಸೆಗೋ ಬಾಗವಾನರ ಮಗಳಿಗೋ ಆ ಬಾಗಿಲು ತೆರೆದಿರಲಿಲ್ಲ. ತೆರೆದಿದ್ದರೂ ಭಾಷೆ ತಿಳಿಯುತ್ತಿರಲಿಲ್ಲ.

ಈ ಗೋಡೆಯನ್ನು ದಾಟಿದವರು ಬಿಜಾಪುರದ ಹೊರವಲಯದ ಶಹಾಪುರ ದಿಬ್ಬದ ಮೇಲೆ ನೆಲೆಸಿದ ಚಿಷ್ತಿ ಮನೆತನದವರು. 15ನೆಯ ಶತಮಾನದ ಕೊನೆಯ ಹೊತ್ತಿನ ಶಾಹ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಈ ಮೂವರ ಹೆಸರು ದಖ್ಖನೀ ಸಾಹಿತ್ಯದ ಆರಂಭದೊಂದಿಗೇ ಬೆಸೆದುಕೊಂಡಿದೆ. ಮೀರಾಂಜಿಯವರ ‘ಖುಷ್ ನಾಮಾ’ದಲ್ಲಿ ಕಥೆಯ ಕೇಂದ್ರ ಒಬ್ಬ ಚಿಕ್ಕ ಹುಡುಗಿ. ಅಧ್ಯಾತ್ಮದ ಕೃತಿಯೊಂದರ ನಡುವೆ ಹುಡುಗಿಯನ್ನು ಕೂಡಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಜಾನಮ್ 1582ರಲ್ಲಿ ಬರೆದ ‘ಇರ್ಷಾದ್ ನಾಮಾ’ ಗುರುಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿದೆ. ಪವಿತ್ರ ವಿಷಯವನ್ನು ಆಡುನುಡಿಯಲ್ಲಿ ಬರೆದದ್ದಕ್ಕೆ ಈ ಗುರುಗಳು ಸಮರ್ಥನೆ ಕೊಡಬೇಕಾಯಿತು. ಅರಬ್ಬೀ, ಪಾರಸಿ ಬಾರದವರಿಗೆ ಬೇರೆ ದಾರಿ ಯಾವುದು, ಒಳಗಿನ ಅರ್ಥವನ್ನು ನೋಡಿ ಎಂಬ ಧಾಟಿಯ ವಾದ ಅದು. ಅವರಿಗಿಂತ ನಾಲ್ಕು ಶತಮಾನ ಮೊದಲು ಇದೇ ಸೀಮೆಯ ಶರಣರು ಸಂಸ್ಕೃತವನ್ನು ಬದಿಗಿಟ್ಟು ಕನ್ನಡದಲ್ಲಿ ಮಾತಾಡಿದ್ದನ್ನು ಬಲ್ಲ ಓದುಗರಿಗೆ ಈ ವಾದ ಹೊಸದೆನಿಸಲಾರದು.

ಅಮೀನುದ್ದೀನ್ ಆಲಾ (ನಿಧನ 1675) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕೇ ಭೂತಗಳನ್ನು ಹೇಳುತ್ತಿದ್ದ ಇಸ್ಲಾಮೀ ಪರಂಪರೆಗೆ ಅವರ ಬೋಧನೆಯಲ್ಲಿ ಐದನೆಯದಾಗಿ ಶೂನ್ಯವೂ ಸೇರಿತು. ಐದು ಭೂತಗಳಿಗೆ ಇಪ್ಪತ್ತೈದು ಗುಣಗಳು ಎಂಬ ಲೆಕ್ಕವೂ ಬಂತು. ಪಂಚಭೂತಗಳ ಮಾತನ್ನು ಹುಟ್ಟಿನಿಂದ ಕೇಳಿದ ಜನಕ್ಕೆ ಹೇಳಬೇಕಾದಾಗ ಅವರಿಗೆ ಗೊತ್ತಿರುವಲ್ಲಿಂದ ಆರಂಭಿಸುವುದು ಒಳ್ಳೆಯ ಮೇಷ್ಟ್ರ ಲಕ್ಷಣ.

ಆದರೆ ಈ ಗ್ರಂಥಗಳೂ ಓದುಬಲ್ಲ ಶಿಷ್ಯರಿಗಾಗಿಯೇ ಇದ್ದವು. ಅಡುಗೆಮನೆಗೆ ತಲುಪಿದ್ದು ಚಕ್ಕೀ ನಾಮಾ, ನೂಲುವಾಗಿನ ಚರ್ಖಾ ನಾಮಾ, ತೊಟ್ಟಿಲು ತೂಗುವಾಗಿನ ಲೋರಿ ನಾಮಾ, ಮದುವೆಮನೆಯ ಶಾದೀ ನಾಮಾ. ಇವುಗಳಲ್ಲಿ ಹೆಚ್ಚಿನವು 17 ಮತ್ತು 18ನೆಯ ಶತಮಾನಗಳವು. ಕೆಲವು ಹಸ್ತಪ್ರತಿಗಳು ಗುಲ್ಬರ್ಗದ ಖ್ವಾಜಾ ಬಂದಾನವಾಜರ (1321–1422) ಹೆಸರಿನಲ್ಲಿದ್ದರೂ ಅವು ಅವರ ರಚನೆಗಳೆಂದು ಒಪ್ಪಲು ವಿದ್ವಾಂಸರು ಹಿಂಜರಿಯುತ್ತಾರೆ. ದೊಡ್ಡವರ ಹೆಸರಿಗೆ ಹಾಡು ಅಂಟಿಕೊಳ್ಳುವುದು ಎಲ್ಲ ನಾಡಿನಲ್ಲೂ ಇದ್ದದ್ದೇ.

ಹಾಡಿನ ಕೆಲಸ ನಡೆಯುವ ಬಗೆ ಸರಳ. ಗೂಟ ಅಲಿಫ್, ಅಂದರೆ ಅಲ್ಲಾಹ್. ಕಲ್ಲಿನ ನಡುವೆ ಅಲುಗದೆ ನಿಂತ ಕೀಲು ಮುಹಮ್ಮದರು. ಕಾಳು ಹಾಕುವ ಮುನ್ನ ‘ಬಿಸ್ಮಿಲ್ಲಾ’. ಕಲ್ಲು ಸುತ್ತಿದಷ್ಟು ಹೊತ್ತೂ ದೇವರ ನಾಮದ ಸ್ಮರಣೆ. ಹಿಟ್ಟಿನಿಂದ ಮಾಡುವ ಸಿಹಿಗೆ ಬೇಕಾದ ಸಾಮಾನುಗಳೇ ದೇವರ ಗುಣಗಳ ಲೆಕ್ಕವಾಗುತ್ತವೆ. ಚರಕದ ಹಾಡಿನಲ್ಲಿ ದೇಹವೇ ಚರಕ, ಉಸಿರೇ ನೂಲು, ಚರಕದ ಗುಂಯ್‌ಗುಡುವ ಸದ್ದು ಗಟ್ಟಿದನಿಯ ಜಿಕ್ರ್, ಅಂದರೆ ನಾಮಸ್ಮರಣೆ. ಹಾಡು ಯಾವಾಗಲೂ ‘ಅಕ್ಕಾ, ತಂಗಿ’ ಎಂದು ಹೆಣ್ಣುಮಕ್ಕಳನ್ನು ಕರೆದೇ ಮಾತಾಡುತ್ತದೆ.

ಇಲ್ಲಿ ಮೂರೂ ಪಾಠಗಳು ಒಂದೇ ಕೆಲಸದಲ್ಲಿ ಬೆರೆತಿರುವುದನ್ನು ಗಮನಿಸಬೇಕು. ದೇವರೊಬ್ಬನೇ, ಮುಹಮ್ಮದರು ಅವನ ಪ್ರವಾದಿ ಎಂಬುದು ವಿಶ್ವಾಸದ ಪಾಠ. ಬಿಸ್ಮಿಲ್ಲಾ ಹೇಳುವುದು ಆಚರಣೆಯ ಪಾಠ. ಕತ್ತಲಲ್ಲಿ ಒಬ್ಬಳೇ ಕುಳಿತು ಬೀಸುವಾಗಲೂ ನೋಡುವವನೊಬ್ಬನಿದ್ದಾನೆ ಎಂಬ ಎಚ್ಚರ ಇಹ್ಸಾನಿನ ಪಾಠ. ಬೆಳಗಿನ ನಮಾಜಿಗಿಂತ ಮೊದಲೇ ಬೀಸಲು ಏಳುವ ಹೆಣ್ಣುಮಗಳಿಗೆ ಈ ಮೂರನೆಯದು ಬಹುಶಃ ಎಲ್ಲಕ್ಕಿಂತ ಬೇಗ ಅರ್ಥವಾಗುತ್ತಿತ್ತು. ತೊಡೆಯ ಮೇಲೆ ಮಲಗಿದ ಕೂಸು ಕೇಳುತ್ತಿದ್ದ ಮೊದಲ ಧರ್ಮಪಾಠವೂ ಇದೇ.

ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಈ ಹಾಡುಗಳಿಗೆ ತಕ್ಕ ಮಹತ್ವ ಕೊಟ್ಟರು. ಖಡ್ಗದಿಂದಲೋ ಪ್ರಚಾರದಿಂದಲೋ ಜನ ಒಂದೇ ಏಟಿಗೆ ಮತ ಬದಲಿಸಿದರೆಂಬ ಚಿತ್ರವನ್ನು ಅವರು ಒಪ್ಪುವುದಿಲ್ಲ. ಸೂಫಿಗಳು ಮತಾಂತರಕ್ಕೆಂದೇ ಈ ಹಾಡು ಕಟ್ಟಿದರೆಂದೂ ಅವರು ಹೇಳುವುದಿಲ್ಲ. ದರ್ಗಾಗಳಿಗೆ ನಡೆದುಕೊಳ್ಳುತ್ತಿದ್ದ ಕೆಳಸ್ತರದ ಕುಟುಂಬಗಳಲ್ಲಿ ಹೆಂಗಸರ ಬಾಯಿಂದ ಬಾಯಿಗೆ ಹರಿದು, ತಲೆಮಾರುಗಳ ಕಾಲ ನಿಧಾನವಾಗಿ ಇಸ್ಲಾಮೀ ಬದುಕಿನ ಪರಿಚಯ ಮಾಡಿಸಿದವು ಎಂಬುದು ಅವರ ನಿಲುವು. ಅರಮನೆಯಲ್ಲಿ ಒಬ್ಬ ಸುಲ್ತಾನ ಷಿಯಾ, ಮುಂದಿನವ ಸುನ್ನಿ, ಅವನ ಮಗ ಮತ್ತೆ ಷಿಯಾ ಎಂದು ಬದಲಾಗುತ್ತಿದ್ದ ಕಾಲವದು. ಬೀಸುವ ಕಲ್ಲಿಗೆ ಆ ಗಲಾಟೆ ಮುಟ್ಟಿದಂತೆ ಕಾಣುವುದಿಲ್ಲ.

ಕೃಷ್ಣೆಯ ದಂಡೆಯ ಈ ಐದು ತಾಲ್ಲೂಕುಗಳಲ್ಲಿ ಬೀಸುವ ಕಲ್ಲು ಮೂರು ನುಡಿಗಳಲ್ಲಿ ಹಾಡಿದೆ. ಕನ್ನಡದ ಗರತಿಯರು ತ್ರಿಪದಿ ಹಾಡಿದರು. ಹಲಸಂಗಿ ಗೆಳೆಯರು ಅಂಥವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಮರಾಠಿ ಹೆಂಗಸರು ಓವಿ ಹಾಡಿದರು. ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಅವರ ಬಳಗ ಒಂದು ಲಕ್ಷಕ್ಕೂ ಹೆಚ್ಚು ಇಂಥ ಓವಿಗಳನ್ನು ಸಂಗ್ರಹಿಸಿದೆ. ಮೂರನೆಯ ನುಡಿ ದಖ್ಖನಿ. ತವರಿನ ನೆನಪು, ಅತ್ತೆಯ ಕಾಟ, ವಿಠೋಬ, ಮಲ್ಲಯ್ಯ, ಅಲ್ಲಾಹ್ ಎಲ್ಲರೂ ಒಂದೇ ಬಗೆಯ ಕಲ್ಲಿನ ಸುತ್ತ ಸುತ್ತಿದ್ದಾರೆ.

ಹಾಡು ಕಲಿಸದಿದ್ದದ್ದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವುಜೂ ಮಾಡುವ ಕ್ರಮ, ನಮಾಜಿನಲ್ಲಿ ಓದಬೇಕಾದ ಅರಬ್ಬೀ ಸೂರಾಗಳು, ಜಕಾತಿನ ಲೆಕ್ಕ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು ಇವನ್ನು ಬೀಸುವ ಕಲ್ಲು ಕಲಿಸಲಾರದು. ಅದಕ್ಕೆ ಹಳ್ಳಿಯಲ್ಲಿದ್ದವನು ಮುಲ್ಲಾ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಕುರಿ ಕೊಯ್ಯಲು, ನಿಕಾಹ್ ಓದಲು, ಸತ್ತವರಿಗೆ ಪ್ರಾರ್ಥನೆ ಸಲ್ಲಿಸಲು ಅವನು ಬೇಕು. ದರ್ಗಾದ ಸೇವೆಗೆ ಮುಜಾವರ, ದೊಡ್ಡ ಕಸಬೆಗಳಲ್ಲಿ ಕಾಜಿ. ಇಂದಿಗೂ ಈ ಸೀಮೆಯಲ್ಲಿ ಮುಲ್ಲಾ, ಮುಜಾವರ, ಕಾಜಿ, ನದಾಫ, ಬಾಗವಾನ, ಅತ್ತಾರ ಎಂಬ ಅಡ್ಡಹೆಸರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಹಳ್ಳಿಯ ಮುಲ್ಲಾನಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಊರಿನ ಶಾಸ್ತ್ರಜ್ಞಾನ.

1884ರ ಬೆಳಗಾವಿ ಜಿಲ್ಲಾ ಗ್ಯಾಜೆಟಿಯರ್ ಇಲ್ಲಿನ ಮುಸ್ಲಿಂ ಪಂಗಡಗಳನ್ನು ಕಸುಬಿನ ಪ್ರಕಾರ ಒಂದೊಂದಾಗಿ ವಿವರಿಸುತ್ತದೆ. ಆ ಕಾಲದ ಗ್ಯಾಜೆಟಿಯರುಗಳು ಇಂಥ ಪಂಗಡಗಳ ಧರ್ಮನಿಷ್ಠೆಯನ್ನು ಅಳೆದದ್ದು ನಮಾಜಿಗೆ ತಪ್ಪದೆ ಹೋಗುತ್ತಾರೆಯೇ, ಮಕ್ಕಳಿಗೆ ಕುರ್‌ಆನ್ ಓದಿಸುತ್ತಾರೆಯೇ, ಹಿಂದೂ ದೇವರಿಗೆ ಹರಕೆ ಹೊರುತ್ತಾರೆಯೇ ಎಂಬ ಅಳತೆಗೋಲಿನಿಂದ. ವರದಿ ಬರೆಯುವ ಅಧಿಕಾರಿಗೆ ಮಸೀದಿಯ ಸಾಲು ಕಾಣುತ್ತದೆ, ಅಡುಗೆಮನೆಯ ಹಾಡು ಕೇಳುವುದಿಲ್ಲ. ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಅಂಕ ಕೊಟ್ಟು ಫಲಿತಾಂಶ ಪ್ರಕಟಿಸಿದಂತೆ ಆಯಿತು.

ಆದರೆ ಆಕ್ಷೇಪ ಹೊರಗಿನವರದಷ್ಟೇ ಆಗಿರಲಿಲ್ಲ. ಬಿಜಾಪುರದ ಸೂಫಿಗಳಲ್ಲೇ ಕಟ್ಟುನಿಟ್ಟಿನವರಿದ್ದರು. ಷತ್ತಾರಿ ಪಂಥದ ಶಾಹ್ ಸಿಬ್ಗತುಲ್ಲಾ, ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಆಸ್ಥಾನದ ರೀತಿಗಳನ್ನು ಎದುರಿಸಿ, ಕೊನೆಗೆ ಊರು ಬಿಟ್ಟು ಅರಬ್‌ಸ್ತಾನ ಸೇರಿ 1606ರಲ್ಲಿ ಮದೀನಾದಲ್ಲಿ ತೀರಿಕೊಂಡರು. ಗೂಟವನ್ನು ಅಲ್ಲಾಹ್ ಎನ್ನುವುದು ಹೋಲಿಕೆಯೋ, ಅತಿರೇಕವೋ? ಅಮೀನುದ್ದೀನರ ಐದನೆಯ ಭೂತ ಕಲಿಸುವ ಉಪಾಯವೋ, ಧರ್ಮಕ್ಕೆ ಬೆರಕೆಯೋ? ಶಾಸ್ತ್ರಜ್ಞರ ಈ ಭಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರೂಪಕವೇ ಮುಂದೆ ಹೋಗಿ ನಂಬಿಕೆಯಾಗಿ ಗಟ್ಟಿಗೊಳ್ಳುವುದುಂಟು, ಅದು ಎಲ್ಲ ಧರ್ಮಗಳೂ ಕಂಡ ಸಂಗತಿ. ಆದರೆ ಹಾಡನ್ನು ತೆಗೆದರೆ ಆ ಹೆಣ್ಣುಮಕ್ಕಳ ಕೈಗೆ ಬೇರೆ ಏನನ್ನು ಕೊಡುತ್ತೀರಿ ಎಂಬ ಪ್ರಶ್ನೆಗೆ ಆಕ್ಷೇಪಿಸಿದವರ ಬಳಿ ಮುಂದಿನ ಮುನ್ನೂರು ವರ್ಷ ಉತ್ತರವಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡವರಿಗೆ ದಖ್ಖನಿಯೂ ದೂರ. ಅಂಥವರಿಗೆ ಒದಗಿದ್ದು ಮೊಹರಂ. ಹಳ್ಳಿಗಳ ಅಲಾವಿ ಹಬ್ಬದಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ ಪದಗಳು ಉತ್ತರ ಕರ್ನಾಟಕದ ಆಸ್ತಿ. ‘ರಿವಾಯತ್’ ಎಂಬುದು ಮೂಲದಲ್ಲಿ ಹದೀಸ್ ಪಂಡಿತರ ಪಾರಿಭಾಷಿಕ ಪದ. ಒಬ್ಬರಿಂದೊಬ್ಬರಿಗೆ ನಂಬಿಕೆಯಿಂದ ದಾಟಿಸಿದ ವೃತ್ತಾಂತ ಎಂದು ಅದರ ಅರ್ಥ. ಅದು ಇಲ್ಲಿ ಹೆಜ್ಜೆ ಹಾಕುತ್ತ ಹಾಡುವ ಪದವಾಯಿತು. ಹಾಡುವ ಮೇಳದಲ್ಲಿ ಲಿಂಗಾಯತರು, ಕುರುಬರು, ಮುಸ್ಲಿಮರು ಎಲ್ಲರೂ ಇರುತ್ತಾರೆ. ಹುಸೇನರ ತಾಳ್ಮೆ, ನೀರಿಲ್ಲದ ಮಕ್ಕಳ ಸಂಕಟ, ಅನ್ಯಾಯಕ್ಕೆ ತಲೆಬಾಗದ ನಿಲುವು ಇವು ಶೀಲದ ಪಾಠಗಳು. ಶಿಶುನಾಳ ಷರೀಫರೂ (1819–1889) ರಿವಾಯತ ಪದಗಳನ್ನು ಕಟ್ಟಿದ್ದಾರೆ. ಗೋವಿಂದ ಭಟ್ಟರ ಶಿಷ್ಯನಾದ, ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ ಈ ಇಮಾಮ ಸಾಹೇಬರ ಮಗನ ಪ್ರಸಿದ್ಧ ಪದವೊಂದರಲ್ಲಿ ಬೀಸುವ ಕಲ್ಲು ಮತ್ತು ಅದರ ಗೂಟ ಬರುವುದು ಆಕಸ್ಮಿಕವಿರಬಹುದು. ಆದರೆ ಆ ಕಲ್ಲಿನ ಮುಂದೆ ಏನೇನು ಹಾಡಿದ್ದಾರೆಂದು ತಿಳಿದ ಮೇಲೆ ಆ ಪದವನ್ನು ಕೇಳುವ ಕಿವಿಯೇ ಬೇರೆಯಾಗುತ್ತದೆ.

ಗಿರಣಿ ಬಂದ ಮೇಲೆ

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಸೋತಿತು. ಆಮೇಲೆ ಮೊಗಲರು, ಮರಾಠರು, ಇಂಗ್ಲಿಷರು. ಹಾಡುಗಳನ್ನು ನಿಲ್ಲಿಸಿದ್ದು ಇವರಾರೂ ಅಲ್ಲ. ಎರಡು ಬೇರೆ ಸಂಗತಿಗಳು ಅದನ್ನು ಮಾಡಿದವು. ಒಂದು, ಅಚ್ಚಿನ ಪುಸ್ತಕ. 20ನೆಯ ಶತಮಾನದ ಆರಂಭದಲ್ಲಿ ಅಶ್ರಫ್ ಅಲಿ ಥಾನವಿ (1863–1943) ಹೆಣ್ಣುಮಕ್ಕಳಿಗೆಂದೇ ಉರ್ದುವಿನಲ್ಲಿ ‘ಬಹಿಷ್ತೀ ಜೇವರ್’ ಬರೆದರು. ಮುಫ್ತಿ ಕಿಫಾಯತುಲ್ಲಾ (1875–1952) ಮಕ್ಕಳಿಗಾಗಿ ಪ್ರಶ್ನೋತ್ತರ ರೂಪದ ‘ತಾಲೀಮುಲ್ ಇಸ್ಲಾಂ’ ರಚಿಸಿದರು. ಹೆಂಗಸರೂ ಮಕ್ಕಳೂ ಓದಿ ತಿಳಿಯಬೇಕೆಂಬ ಹಟ ಇವುಗಳ ಹಿಂದಿತ್ತು. ಬೀಸುವ ಕಲ್ಲು ಕಲಿಸಲಾರದ ವುಜೂ, ನಮಾಜು, ಜಕಾತ್, ಪಾಲುಪಾರಿಕತ್ತುಗಳ ವಿವರ ಮೊದಲ ಬಾರಿಗೆ ಅಚ್ಚುಕಟ್ಟಾಗಿ ಮನೆಗೆ ಬಂತು. ಜೊತೆಗೆ ಮದುವೆಮನೆಯ ಹಾಡು, ಹರಕೆ, ಹಳೆಯ ರೂಢಿಗಳ ಮೇಲೆ ಟೀಕೆಯೂ ಬಂತು. ಕಲಿಸುವ ಅಧಿಕಾರ ಅಜ್ಜಿಯಿಂದ ಪುಸ್ತಕಕ್ಕೆ, ಪುಸ್ತಕ ಓದಿಸುವ ಮೌಲವಿಗೆ ಹೋಯಿತು.

ಎರಡನೆಯದು ಹಿಟ್ಟಿನ ಗಿರಣಿ. ಪೇಟೆಗೆ, ಆಮೇಲೆ ಹಳ್ಳಿಗೆ ಗಿರಣಿ ಬಂದದ್ದರಿಂದ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಅದನ್ನು ದೂರುವವರು ಒಂದು ವಾರ ಜೋಳ ಬೀಸಿ ನೋಡುವುದೊಳ್ಳೆಯದು. ಕಲ್ಲು ನಿಂತದ್ದರಿಂದ ಅದಕ್ಕೆ ಅಂಟಿಕೊಂಡ ಹಾಡಿಗೆ ಹೊತ್ತೂ ಇಲ್ಲ, ಲಯವೂ ಇಲ್ಲದಂತಾಯಿತು. ಗಿರಣಿಯ ಸದ್ದಿಗೆ ಹಾಡು ಹೊಂದುವುದಿಲ್ಲ. ಹೀಗೆ ಕನ್ನಡದ ತ್ರಿಪದಿ, ಮರಾಠಿಯ ಓವಿ, ದಖ್ಖನಿಯ ಚಕ್ಕೀ ನಾಮಾ ಒಟ್ಟಿಗೇ ಮೂಲೆ ಸೇರಿದವು. ಮೊದಲೆರಡನ್ನು ಕೂಡಿಸಿಡಲು ಆಯಾ ಭಾಷೆಯ ಆಸ್ಥೆಯುಳ್ಳವರು ಹಳ್ಳಿ ಹಳ್ಳಿ ತಿರುಗಿದರು. ಮೂರನೆಯದು ಹೆಚ್ಚಾಗಿ ಸಿಕ್ಕಿದ್ದು ಗ್ರಂಥಾಲಯದ ಹಸ್ತಪ್ರತಿಗಳಲ್ಲಿ.

ಈಗ ಅಥಣಿ, ರಾಯಬಾಗ ಕಡೆಯ ಮುಸ್ಲಿಂ ಮಗುವಿನ ಮುಂದೆ ಭಾಷೆಗಳ ಸಾಲೇ ಇದೆ. ಕುರ್‌ಆನ್ ಓದುವುದು ಅರಬ್ಬಿಯಲ್ಲಿ, ಅದರ ಪಾಠ ಕೇಳುವುದು ಉರ್ದುವಿನಲ್ಲಿ, ಮನೆಯಲ್ಲಿ ಆಡುವುದು ದಖ್ಖನಿ ಅಥವಾ ಕನ್ನಡ. ಶಾಲೆಯ ಕಲಿಕೆ ಊರಿಗೆ ತಕ್ಕಂತೆ ಕನ್ನಡ, ಉರ್ದು, ನಿಪ್ಪಾಣಿಯ ಕಡೆಗಾದರೆ ಮರಾಠಿ. ಅರಬ್ಬಿಯ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸಬಲ್ಲ ಮಗು ಅದರ ಅರ್ಥ ಬಲ್ಲದೆಂದು ಹೇಳಲಾಗದು. ಕನ್ನಡದಲ್ಲಿ ಇಸ್ಲಾಮಿನ ವಿಶ್ವಾಸ, ಆರಾಧನೆ, ನಡತೆಗಳನ್ನು ವಿವರಿಸುವ ಪುಸ್ತಕಗಳನ್ನು ಮಂಗಳೂರಿನ ಶಾಂತಿ ಪ್ರಕಾಶನ ಹೊರತಂದಿದೆ. ಅದೇ ಊರಿನಿಂದ 1978ರಲ್ಲಿ ‘ಸನ್ಮಾರ್ಗ’ ವಾರಪತ್ರಿಕೆ ಆರಂಭವಾಯಿತು. ಕುರ್‌ಆನಿನ ಕನ್ನಡ ಅನುವಾದಗಳೂ ಇವೆ. ಇವುಗಳ ಕನ್ನಡ ಕರಾವಳಿಯ ಅಚ್ಚುಕಟ್ಟಾದ ಪುಸ್ತಕಗನ್ನಡ. ‘ಬರ್ರಿ, ಹೋಗ್ರಿ’ ಎನ್ನುವ ಕೃಷ್ಣಾ ದಂಡೆಯ ಅಜ್ಜಿಯೊಬ್ಬಳು ಮೊಮ್ಮಗಳಿಗೆ ಇಹ್ಸಾನ್ ಎಂದರೇನೆಂದು ಹೇಳಬೇಕಾದರೆ ಅದನ್ನು ಮತ್ತೊಮ್ಮೆ ತನ್ನ ಮಾತಿಗೆ ತಿರುಗಿಸಿಕೊಳ್ಳಬೇಕು.

ಚಕ್ಕೀ ನಾಮಾಗಳ ಹಸ್ತಪ್ರತಿಗಳು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಮತ್ತು 1931ರಲ್ಲಿ ಸ್ಥಾಪನೆಯಾದ ಇದಾರಾ ಎ ಅದಬಿಯಾತ್ ಎ ಉರ್ದು ಸಂಸ್ಥೆಯಲ್ಲಿವೆ. ಅವು ಪಾರಸಿ ಲಿಪಿಯಲ್ಲಿವೆ. ಆ ಲಿಪಿ ಓದಬಲ್ಲವರು ಬೆಳಗಾವಿ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ, ಬೀಸುವ ಕಲ್ಲಿನ ಧಾಟಿ ನೆನಪಿರುವ ಮುದುಕಿಯರೂ ಕೆಲವರಿದ್ದಾರು. ಇಬ್ಬರನ್ನೂ ಒಂದೇ ಜಗುಲಿಯ ಮೇಲೆ ಕೂಡಿಸಿ ಕೇಳುವ ಕೆಲಸಕ್ಕೆ ಉಳಿದಿರುವ ಕಾಲ ಬಹಳವಿಲ್ಲ.